ಊರಿಲ್ಲದ ಕಡ್ಸಲೆ

ಶುಕ್ರವಾರ ರಾತ್ರಿ ಬೆಂಗಳೂರಿಂದ ಬಸ್ಸು. ಶನಿವಾರ ಬೆಳಗ್ಗೆ ಧರ್ಮಸ್ಥಳ, ಮಧ್ಯಾಹ್ನ ವೇಣೂರಿನ ಬಾಹುಬಲಿ, ಸಂಜೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಭಾನುವಾರ ಬಿ.ಸಿ. ರೋಡಿನಲ್ಲಿ ನೀರ್‌ದೋಸೆ, ಕೋಳಿ ಸಾರು, ಆಮೇಲೆ ಘಾಟಿ ಹತ್ತಿ ವಾಪಸ್. ನಮ್ಮ ಕಡೆಗೆ ಬರುವ ಐಟಿ ಮಂದಿಯ ಹಳೇ ಪಟ್ಟಿ ಇದು. ಈಚೆಗೆ ಇದಕ್ಕೊಂದು ಹೊಸ ಸಾಲು ಸೇರಿದೆ: ಆಂಟಿಕ್ ಬೇಟೆ. ಹಳೇ ಮನೆ ಕೆಡವಿದ ಸುದ್ದಿ ಸಿಕ್ಕಿದರೆ ಅಲ್ಲಿಗೆ, ಇಲ್ಲದಿದ್ದರೆ ಗುಜರಿ ಅಂಗಡಿಗೆ, ಅದೂ ಇಲ್ಲದಿದ್ದರೆ ಯಾರೋ ಕೊಟ್ಟ ವಾಟ್ಸಾಪ್ ನಂಬರಿನ ವ್ಯಾಪಾರಿಯ ಗೋದಾಮಿಗೆ. ಹಿತ್ತಾಳೆ ದೀಪ, ಹಲಸಿನ ಮರದ ಬಾಗಿಲು, ಕಂಚಿನ ಗಂಟೆ. ಅದೃಷ್ಟ ಚೆನ್ನಾಗಿದ್ದರೆ ಒಂದು ಕತ್ತಿ. ಒಂದು ನಿಮಿಷದ ವಿಡಿಯೊ, ಹಿನ್ನೆಲೆಗೆ ಚೆಂಡೆ ಸದ್ದು, ಕೊನೆಗೆ ಕೆಳಗೆ ಬೆಲೆ.

ಈ ಬೇಟೆಯ ಬಗ್ಗೆ ನನ್ನದೊಂದು ತಕರಾರು ಉಂಟು. ಹಳೇ ವಸ್ತು ಕೊಳ್ಳಬಾರದು ಅಂತಲ್ಲ. ಕಾನೂನಿನ ಒಳಗೆ ಕೊಂಡು ಜೋಪಾನ ಮಾಡುವವರಿಂದಲೇ ಎಷ್ಟೋ ವಸ್ತು ಉಳಿದಿದೆ. ಪ್ರವಾಸಿಗಳು ಬರಬಾರದು ಅಂತಲೂ ಅಲ್ಲ. ನಾನು ಹುಟ್ಟಿ ಬೆಳೆದ ಸೀಮೆ ಇದು, ಜನ ಬಂದು ನೋಡಿದರೆ ನನಗೆ ಖುಷಿಯೇ. ತಕರಾರು ಇರೋದು ಈ ಬೇಟೆ ನಮಗೆ ಕಲಿಸುವ ನೋಟದ ಬಗ್ಗೆ. ವಸ್ತು ಎಷ್ಟು ಹಳೇದು, ಎಷ್ಟು ಚಂದ, ಎಷ್ಟಕ್ಕೆ ಸಿಕ್ಕಿತು ಅನ್ನುವ ಮೂರೇ ಪ್ರಶ್ನೆ ಅದಕ್ಕೆ ಗೊತ್ತಿರೋದು. ಅದು ಯಾವ ಊರಿನದು, ಯಾರ ಮನೆಯದು ಅನ್ನುವ ನಾಲ್ಕನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳದೇ ಇದ್ದಾಗ ಏನು ಕಳೆದುಹೋಗುತ್ತದೆ ಅನ್ನೋದಕ್ಕೆ ಕತ್ತಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಂಗಳೂರಿನಲ್ಲಿ ಗೆಳೆಯರೊಬ್ಬರ ಫ್ಲಾಟ್. ಟಿವಿಯ ಮೇಲ್ಗಡೆ ಗೋಡೆಗೆ ಒಂದು ಕತ್ತಿ, ಅದರ ಮೇಲೆ ಬೀಳುವ ಹಾಗೆ ಚಿಕ್ಕ ಎಲ್‌ಇಡಿ ದೀಪ. ತಿಕ್ಕಿ ತಿಕ್ಕಿ ಫಳಫಳ ಮಾಡಿದ್ದಾರೆ. "ದೈವದ ಕತ್ತಿ ಮಾರಾಯ, ಇನ್ನೂರು ವರ್ಷ ಹಳೇದಂತೆ" ಅಂದರು. ಎಲ್ಲಿಯದು ಅಂತ ಕೇಳಿದೆ. "ಬಂಟ್ವಾಳ ಸೈಡು ಅಂದ." ಬಂಟ್ವಾಳ ಸೈಡಿನಲ್ಲಿ ಎಲ್ಲಿ? ಯಾವ ಗುತ್ತು? ಯಾವ ದೈವ? ಗೊತ್ತಿಲ್ಲ. ಮಾರಿದವನಿಗೂ ಗೊತ್ತಿರಲಿಲ್ಲ ಅಥವಾ ಅವನು ಹೇಳಲಿಲ್ಲ. ಇನ್ನೂರು ವರ್ಷ ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದರೆ ಅದಕ್ಕೂ ಉತ್ತರ ಇಲ್ಲ. ಅಂದರೆ ಆ ಗೋಡೆಯ ಮೇಲಿದ್ದದ್ದು ಒಂದು ಕಬ್ಬಿಣದ ಪಟ್ಟಿ, ಅದರ ಜೊತೆಗೆ ಒಂದು ವದಂತಿ.

ಕರಾವಳಿಯವರಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ದೈವದ ಕತ್ತಿಗೆ ತುಳುವಿನಲ್ಲಿ ಕಡ್ಸಲೆ ಅನ್ನುತ್ತಾರೆ. ಕೋಟಿ ಚೆನ್ನಯರ ಗರಡಿಗಳಲ್ಲಿ ಇರುವ ಆಯುಧಕ್ಕೆ ಸುರಿಯ ಅಂತ ಬೇರೆ ಹೆಸರು. ಕಡ್ಸಲೆ, ಗಂಟೆ, ಚವರಿ, ಮೊಗ ಅಂದರೆ ಮುಖವಾಡ, ಬೆಳ್ಳಿ ಬಂಗಾರದ ಆಭರಣ, ಇವೆಲ್ಲ ಒಟ್ಟಿಗೆ ಸೇರಿ ದೈವದ ಭಂಡಾರ. ವರ್ಷವಿಡೀ ಅದು ಗುತ್ತಿನ ಮನೆಯಲ್ಲೋ ಭಂಡಾರದ ಮನೆಯಲ್ಲೋ ಇರುತ್ತದೆ. ನೇಮದ ದಿನ ದೀಟಿಗೆಯ ಬೆಳಕಿನಲ್ಲಿ, ವಾದ್ಯದ ಜೊತೆ, ಸಾನಕ್ಕೆ ಮೆರವಣಿಗೆಯಲ್ಲಿ ಬರುತ್ತದೆ. 'ಭಂಡಾರ ಹೊರಟಿತು' ಅಂದರೆ ಊರಿನಲ್ಲಿ ನೇಮ ಶುರುವಾಯಿತು ಅಂತಲೇ ಅರ್ಥ.

ಆಮೇಲೆ ನಲಿಕೆಯೋ ಪರವರೋ ಪಂಬದರೋ, ಆ ದೈವ ಕಟ್ಟುವ ಹಕ್ಕು ಯಾರಿಗೋ ಅವರು ಕಟ್ಟುತ್ತಾರೆ. ಹಗಲಿಡೀ ಯಾರ ಮಾತಿಗೆ ಊರಿನಲ್ಲಿ ಬೆಲೆ ಕಡಿಮೆಯೋ, ರಾತ್ರಿ ಕಡ್ಸಲೆ ಹಿಡಿದು ನಿಂತಾಗ ಅದೇ ಬಾಯಿಂದ ಬರುವ ನುಡಿಗೆ ಗುತ್ತಿನ ಯಜಮಾನನೂ ತಲೆ ಬಾಗಬೇಕು. ಜಾಗದ ತಕರಾರು, ಅಣ್ಣತಮ್ಮಂದಿರ ಪಾಲಿನ ಜಗಳ, ಕೊಟ್ಟ ಮಾತು ತಪ್ಪಿದ್ದು, ಎಲ್ಲ ಅಲ್ಲಿ ವಿಚಾರಣೆಗೆ ಬರುತ್ತದೆ. ಹಾಗಾಗಿ ಕಡ್ಸಲೆಯನ್ನು ಬರೀ ಆಯುಧ ಅಂತ ನೋಡಿದರೆ ಸಾಲದು. ತಹಶೀಲ್ದಾರರ ಮೊಹರು ಇದ್ದ ಹಾಗೆ ಅದು. ಮೊಹರನ್ನು ಕಚೇರಿಯಿಂದ ತಂದು ಗೋಡೆಗೆ ನೇತುಹಾಕಿದರೆ ಅದಕ್ಕೆ ಏನು ಅರ್ಥವೋ, ಫ್ಲಾಟಿನ ಗೋಡೆಯ ಕಡ್ಸಲೆಗೂ ಅಷ್ಟೇ ಅರ್ಥ.

ಇಂಥ ವಸ್ತು ಮಾರಾಟಕ್ಕೆ ಬರುವುದಾದರೂ ಹೇಗೆ? ಎಲ್ಲವೂ ಕಳ್ಳತನದ ಮಾಲಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಬಂತು, ಬರಬೇಕಾದದ್ದೇ ಬಂತು. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಮನೆಗಳಿಗೆ ಆಮೇಲೆ ಹೆಂಚು ಹೊದಿಸುವುದೂ ಕಷ್ಟವಾಯಿತು. ಮಕ್ಕಳು ಮುಂಬಯಿ, ಗಲ್ಫು, ಬೆಂಗಳೂರು ಸೇರಿದರು. ಪಾಲು ಆಯಿತು. ಇಪ್ಪತ್ತು ಜನ ಪಾಲುದಾರರಿರುವ ಮನೆಯನ್ನು ರಿಪೇರಿ ಮಾಡುವವರು ಯಾರೂ ಇಲ್ಲ, ಕೆಡವಲು ಮಾತ್ರ ಎಲ್ಲರ ಒಪ್ಪಿಗೆ ಉಂಟು. ಕೆಡವುವ ದಿನ ಗುಜರಿಯವನು ಜೆಸಿಬಿಗಿಂತ ಮೊದಲೇ ಅಂಗಳದಲ್ಲಿ ಹಾಜರು.

ಎರಡನೇ ದಾರಿ ಜೀರ್ಣೋದ್ಧಾರ. ಇದನ್ನು ಹೇಳಿದರೆ ಊರಿನವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಬೇಕು. ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಹಳೇ ಸಾನಕ್ಕೆ ಕಾಂಕ್ರೀಟು, ಗ್ರಾನೈಟು ಬಂತು. ಮರದ ಮೊಗದ ಜಾಗಕ್ಕೆ ಬೆಳ್ಳಿಯದ್ದು, ತುಕ್ಕು ಹಿಡಿದ ಕಡ್ಸಲೆಯ ಜಾಗಕ್ಕೆ ಹೊಸತು. ಹಳೇದನ್ನು ಕ್ರಮ ಪ್ರಕಾರ ನೀರಿಗೆ ಬಿಡಬೇಕು. ಕೆಲವು ಕಡೆ ಬಿಟ್ಟರು. ಕೆಲವು ಕಡೆ ಅದು ಹಿಂಬದಿಯ ಕೊಟ್ಟಿಗೆಯಲ್ಲಿ ಉಳಿಯಿತು, ಕೊಟ್ಟಿಗೆಯಿಂದ ಗೋಣಿಗೆ, ಗೋಣಿಯಿಂದ ಪಿಕಪ್ಪಿಗೆ ಹೋಯಿತು. ನಾನು ಚಿಕ್ಕವನಿದ್ದಾಗ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತವರು ಮನೆ ಬಾಗಿಲಿಗೆ ಬರುತ್ತಿದ್ದರು. ಅಜ್ಜಿಯಂದಿರು ಕಂಚಿನ ತಟ್ಟೆ ಕೊಟ್ಟು ಸ್ಟೀಲ್ ಡಬ್ಬ ತೆಗೆದುಕೊಂಡು ತುಂಬಾ ಲಾಭ ಆಯಿತು ಅಂದುಕೊಳ್ಳುತ್ತಿದ್ದರು. ಇಂದಿನ ಬೇಟೆಯ ವಿಡಿಯೊ ನೋಡುವಾಗ ನನಗೆ ಆ ಬುಟ್ಟಿಯೇ ಕಾಣುತ್ತದೆ. ಬುಟ್ಟಿಯ ಜಾಗಕ್ಕೆ ಇನ್‌ಸ್ಟಾಗ್ರಾಂ ಬಂದಿದೆ, ಅಷ್ಟೆ.

ಇನ್ನು ಜಪಾನಿಗೆ ಬರೋಣ. ಹಳೇ ಕತ್ತಿಯ ಬೇಟೆ ಅಂದರೆ ಜಗತ್ತಿಗೆ ಮೊದಲು ನೆನಪಾಗುವ ದೇಶ ಅದು. ಆಫೀಸಿನ ಕೆಲಸಕ್ಕೆ ಅಲ್ಲಿ ಕೆಲವು ತಿಂಗಳು ಇದ್ದಾಗ ಸಮುರಾಯ್ ಕತ್ತಿ ನೋಡುವ ಹುಚ್ಚು ನನಗೂ ಹತ್ತಿತ್ತು. ಟೋಕಿಯೊದ ರ್‍ಯೋಗೊಕುವಿನಲ್ಲಿ ಕತ್ತಿಗಳಿಗೆಂದೇ ಒಂದು ಮ್ಯೂಸಿಯಂ ಉಂಟು. ಒಕಾಯಾಮಾ ಕಡೆಯ ಒಸಾಫುನೆಯಲ್ಲಿ ಇನ್ನೊಂದು, ಅದು ನೂರಾರು ವರ್ಷ ಕತ್ತಿ ಮಾಡಿದ ಕಮ್ಮಾರರ ಊರು. ಹಳೇ ಕತ್ತಿ ಅಂಗಡಿಯಲ್ಲಿ ಮಾರಾಟಕ್ಕೂ ಇರುತ್ತದೆ, ಪ್ರವಾಸಿಗಳೂ ಕೊಳ್ಳುತ್ತಾರೆ. ಆದರೆ ಕತ್ತಿಯ ಪಕ್ಕದಲ್ಲಿ ಯಾವಾಗಲೂ ಒಂದು ಪುಟ್ಟ ಕಾಗದ. ನನ್ನ ಕಣ್ಣು ಹೋದದ್ದು ಆ ಕಾಗದದ ಮೇಲೆ.

ಅದು ನೋಂದಣಿ ಪತ್ರ. 1951ರಿಂದ ಆ ದೇಶದಲ್ಲಿ ಕಲಾವಸ್ತುವಾಗಿ ಇಟ್ಟುಕೊಳ್ಳುವ ಪ್ರತಿ ಕತ್ತಿಗೂ ಅದು ಬೇಕೇ ಬೇಕು. ಕೊಡುವುದು ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ. ಕತ್ತಿಯ ಬಗೆ, ಉದ್ದ, ಬಾಗು, ಹಿಡಿಯೊಳಗೆ ಸೇರುವ ಭಾಗದಲ್ಲಿ ಎಷ್ಟು ತೂತು, ಅದರ ಮೇಲೆ ಕಮ್ಮಾರನ ಸಹಿ ಇದೆಯೋ ಇಲ್ಲವೋ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕತ್ತಿ ಕೈ ಬದಲಾಯಿಸಿದರೆ ಕಾಗದವೂ ಜೊತೆಗೆ ಹೋಗಬೇಕು, ಹೊಸ ಮಾಲೀಕ 20 ದಿನದೊಳಗೆ ತಿಳಿಸಬೇಕು. ಅಜ್ಜನ ಅಟ್ಟದಲ್ಲಿ ಗೊತ್ತಿಲ್ಲದ ಕತ್ತಿಯೊಂದು ಸಿಕ್ಕಿದರೆ ಮೊದಲು ಪೊಲೀಸರಿಗೆ ಹೇಳಿ, ಆಮೇಲೆ ತಜ್ಞರಿಗೆ ತೋರಿಸಿ ನೋಂದಣಿ ಮಾಡಿಸಬೇಕು. ದೇಶದ ಹೊರಗೆ ಒಯ್ಯುವುದಾದರೆ ಸಂಸ್ಕೃತಿ ಇಲಾಖೆಯ ಪತ್ರ ಬೇರೆ.

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಅವರು ಅಲಗನ್ನು ಕನ್ನಡಿಯ ಹಾಗೆ ಹೊಳೆಯುವಂತೆ ಇಡುತ್ತಾರೆ, ಆದರೆ ಹಿಡಿಯೊಳಗಿನ ಭಾಗದ ತುಕ್ಕನ್ನು ಮುಟ್ಟುವುದಿಲ್ಲ. ಕಪ್ಪಾದ ಆ ತುಕ್ಕೇ ಕತ್ತಿಯ ವಯಸ್ಸಿನ ಸಾಕ್ಷಿ, ಸಹಿ ಇರುವುದೂ ಅದರ ನಡುವೆಯೇ. ತಿಕ್ಕಿದರೆ ಸಾಕ್ಷಿಯೇ ಅಳಿಸಿಹೋಯಿತು. ನಮ್ಮವರು ಮನೆಗೆ ತಂದ ಮೊದಲ ದಿನವೇ ಮಾಡುವ ಕೆಲಸ ಅದು: ಹುಣಸೆಹುಳಿ, ಲಿಂಬೆಹುಳಿ, ಕೊನೆಗೆ ಸ್ಯಾಂಡ್ ಪೇಪರ್.

ಕಾಗದದಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಘಟನೆ. ಕಾಗೊಶಿಮಾದ ತೆರುಕುನಿ ಅನ್ನುವ ದೇವಸ್ಥಾನದಲ್ಲಿ ಹದಿಮೂರನೇ ಶತಮಾನದ ಕಮ್ಮಾರ ಕುನಿಮುನೆ ಮಾಡಿದ ಒಂದು ಕತ್ತಿ ಇತ್ತು. ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಸೈನ್ಯ ಜಪಾನಿನಲ್ಲಿ ಆಯುಧಗಳನ್ನೆಲ್ಲ ಒಟ್ಟುಮಾಡಿದ ಕಾಲದಲ್ಲಿ ಅದು ಕಾಣೆಯಾಯಿತು. ಮುಂದೆ ವಾಲ್ಟರ್ ಕಾಂಪ್ಟನ್ ಅನ್ನುವ ಅಮೆರಿಕದ ಸಂಗ್ರಾಹಕರೊಬ್ಬರು ತಮ್ಮ ದೇಶದಲ್ಲೇ ಒಂದು ಕತ್ತಿ ಕೊಂಡರು. ಅದರ ಸಹಿ ನೋಡಿ ವಿಚಾರಿಸಿದಾಗ ಇದು ಕಾಣೆಯಾದ ಆ ಕತ್ತಿಯೇ ಅಂತ ಗೊತ್ತಾಯಿತು. 1963ರಲ್ಲಿ ಅವರು ಅದನ್ನು ದುಡ್ಡು ತೆಗೆದುಕೊಳ್ಳದೆ ದೇವಸ್ಥಾನಕ್ಕೆ ವಾಪಸ್ ಕೊಟ್ಟರು. ಇದರಲ್ಲಿ ಕಾಂಪ್ಟನ್ ಅವರ ದೊಡ್ಡತನ ಉಂಟು, ಒಪ್ಪೋಣ. ಆದರೆ ಬರೀ ದೊಡ್ಡತನದಿಂದ ಕತ್ತಿ ಮನೆಗೆ ಬರುವುದಿಲ್ಲ. ಕತ್ತಿಯ ಮೈಮೇಲೆ ಸಹಿ ಇತ್ತು, ದೇವಸ್ಥಾನದ ಹತ್ತಿರ ಅದರ ದಾಖಲೆ ಇತ್ತು. ಎರಡೂ ತಾಳೆಯಾದವು.

ಈಗ ನನ್ನ ಗೆಳೆಯರ ಗೋಡೆಗೆ ವಾಪಸ್ ಬನ್ನಿ. ಅವರೂ ಒಳ್ಳೆಯವರೇ. ನಾಳೆ ಇದನ್ನು ವಾಪಸ್ ಕೊಡಬೇಕು ಅಂತ ಅವರಿಗೆ ಅನ್ನಿಸಿದರೆ ಯಾವ ಬಾಗಿಲು ತಟ್ಟಬೇಕು? ಬಂಟ್ವಾಳ ತಾಲೂಕಿನಲ್ಲಿ ಎಷ್ಟು ಗುತ್ತು, ಎಷ್ಟು ಬೀಡು, ಎಷ್ಟು ಸಾನ! ಊರಿನ ಹೆಸರು ಒಮ್ಮೆ ಉದುರಿಹೋದರೆ ಒಳ್ಳೇತನಕ್ಕೂ ದಾರಿ ಇಲ್ಲ. ಕಳ್ಳನಿಗೆ ಬೇಕಾದದ್ದೂ ಅದೇ. ಇತಿಹಾಸವನ್ನೆಲ್ಲ ಡಿಲೀಟ್ ಮಾಡಿ ಕೊನೆಯ ಫೈಲನ್ನು ಮಾತ್ರ ಕೊಟ್ಟರೆ ಅದನ್ನು ಯಾರು ಬರೆದರು, ಯಾಕೆ ಬರೆದರು ಅಂತ ಹೇಳಲು ನಮ್ಮಲ್ಲಿ ಯಾರಿಗೆ ಆಗುತ್ತದೆ? ಕೋಡಿನ ವಿಷಯದಲ್ಲಿ ಇದನ್ನು ಒಂದು ದಿನವೂ ಸಹಿಸದವರು ನಾವು.

ಕತೆಗೆ ಬೆಲೆ ಇಲ್ಲ ಅನ್ನುವವರು ಟಿಪ್ಪುವಿನ ಕತ್ತಿಯನ್ನು ನೋಡಲಿ. ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿ ಫೋಟೊ ಹೊಡೆದುಕೊಳ್ಳುತ್ತೇವಲ್ಲ, ಅಲ್ಲಿನ ಜಮಾಲಾಬಾದ್ ಕೋಟೆ ಕಟ್ಟಿಸಿದ್ದು ಅವನೇ, 1794ರಲ್ಲಿ. ಅವನ ಮಲಗುವ ಕೋಣೆಯದ್ದು ಎನ್ನಲಾದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಬಂದ ಬೆಲೆ 1.4 ಕೋಟಿ ಪೌಂಡ್. ಉಕ್ಕಿಗೆ ಅಷ್ಟು ಬೆಲೆಯೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಡೇವಿಡ್ ಬೇರ್ಡ್ ಅನ್ನುವ ಸೇನಾಧಿಕಾರಿಗೆ ಹೋಯಿತು ಅನ್ನುವ ದಾಖಲೆ ಜೊತೆಗಿತ್ತು. ಕೊಳ್ಳೆ ಹೊಡೆದವರೂ ಕತೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ದುಡ್ಡು ಕೊಟ್ಟು ಕೊಳ್ಳುವ ನಮಗೆ ಅಷ್ಟೂ ವ್ಯವಧಾನ ಇಲ್ಲ.

ಹಾಗಂತ ಎಲ್ಲ ಜಪಾನಿನಿಂದಲೇ ಕಲಿಯಬೇಕು ಅಂತಿಲ್ಲ. ಮೂಡುಬಿದಿರೆಯಲ್ಲೇ ಎರಡು ಪಾಠ ಉಂಟು, ಸಾವಿರ ಕಂಬ ಎಣಿಸಿ ಹೊರಡುವವರಿಗೆ ಅದು ಕಾಣುವುದಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಅನ್ನುವ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಉಳಿದುಬಂದದ್ದು ಇಲ್ಲಿನ ಸಿದ್ಧಾಂತ ಬಸದಿಯಲ್ಲಿ. ಬಹುಕಾಲ ಅವು ದರ್ಶನಕ್ಕೆ ಮಾತ್ರ ಇದ್ದವು. ಆಮೇಲೆ ಪ್ರತಿ ಮಾಡುವ ಕೆಲಸ ನಡೆಯಿತು, ಪ್ರತಿಗಳು ಉತ್ತರಕ್ಕೆ ಹೋದವು, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಾ ಅಚ್ಚಾಗತೊಡಗಿತು. ನೋಡಿ, ಊರು ಬಿಟ್ಟು ಹೋದದ್ದು ಅಕ್ಷರ. ತಾಳೆಗರಿ ಊರಿನಲ್ಲೇ ಉಳಿಯಿತು. ಜಗತ್ತಿಗೆ ಜ್ಞಾನ ಸಿಕ್ಕಿತು, ಬಸದಿಗೆ ಅದರ ಭಂಡಾರವೂ ಉಳಿಯಿತು. ಆಂಟಿಕ್ ಬೇಟೆಯಲ್ಲಿ ನಡೆಯುವುದು ಇದಕ್ಕೆ ಸರಿಯಾಗಿ ಉಲ್ಟಾ: ವಸ್ತು ಹೋಗುತ್ತದೆ, ಅದರ ಬಗ್ಗೆ ಗೊತ್ತಿದ್ದದ್ದೆಲ್ಲ ಇಲ್ಲೇ ಸತ್ತುಹೋಗುತ್ತದೆ.

ಎರಡನೇ ಪಾಠ ಕಹಿಯದ್ದು. 2013ರ ಜುಲೈಯಲ್ಲಿ ಅದೇ ಬಸದಿಯಿಂದ ಅಮೂಲ್ಯ ವಿಗ್ರಹಗಳು ಕಳವಾದವು. ಪೊಲೀಸರು ಬೆನ್ನು ಹತ್ತಿದರು, ಬೇರೆ ರಾಜ್ಯದ ತನಕ ಹೋದರು, ಕೆಲವು ವಿಗ್ರಹಗಳು ಸಿಕ್ಕಿದವು. ಯಾವುದು ಕಳೆದಿದೆ ಅಂತ ಹೇಳಲು ಆದದ್ದರಿಂದ ಹುಡುಕಲಿಕ್ಕೂ ಆಯಿತು. ಒಂದು ಗುತ್ತಿನ ಮನೆಯಿಂದ ಹಳೇ ಗಂಟೆಯೋ ಕಡ್ಸಲೆಯೋ ಹೋದರೆ ಠಾಣೆಯಲ್ಲಿ ಏನಂತ ಬರೆಸುವುದು? 'ಒಂದು ಹಳೇ ಕತ್ತಿ' ಅಂತ ಬರೆಸಿದರೆ ಅದನ್ನು ಹುಡುಕುವವರು ಯಾರು, ಸಿಕ್ಕಿದರೂ ಗುರುತಿಸುವವರು ಯಾರು?

ಹಾಗಾದರೆ ಮ್ಯೂಸಿಯಂ ಮಾಡಿದರೆ ಮುಗಿಯಿತಾ? ಇದೇ ದಾರಿಯಲ್ಲಿ ಎರಡು ಮ್ಯೂಸಿಯಂ ಸಿಗುತ್ತವೆ, ಎರಡನ್ನೂ ನೋಡಬೇಕು. ಧರ್ಮಸ್ಥಳದ ಮಂಜೂಷಾದಲ್ಲಿ ವಿಗ್ರಹ, ತಾಳೆಗರಿ, ನಾಣ್ಯ, ಕ್ಯಾಮೆರಾ ಅಂತ ಏನುಂಟು ಏನಿಲ್ಲ! ಸಂಗ್ರಾಹಕರೊಬ್ಬರ ಕುತೂಹಲಕ್ಕೆ ಗಡಿಯೇ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡುವ ಜಾಗ ಅದು, ಬೆರಗಾಗುವ ಜಾಗ. ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯದ ರೀತಿ ಬೇರೆ. ಅಲ್ಲಿ ಇರುವುದು ಉಳುವವರ, ಅಡುಗೆ ಮಾಡುವವರ ವಸ್ತು, ಬೇಟೆಗಾರರು ಕಣ್ಣೆತ್ತಿಯೂ ನೋಡದ ವಸ್ತು. ನನಗೆ ಎರಡನೆಯದು ಹೆಚ್ಚು ಇಷ್ಟ. ಬೆಲೆ ಬಾಳದ್ದನ್ನು ಕೂಡಿಡುವವರಿಗೆ ಬದುಕಿನ ಮೇಲೆ ಕಣ್ಣಿರಬೇಕು, ಇಲ್ಲದಿದ್ದರೆ ಅದನ್ನು ಯಾಕಾದರೂ ಕೂಡಿಡುತ್ತಾರೆ?

ದೂರದ ಮ್ಯೂಸಿಯಂ ಕೂಡ ಒಮ್ಮೊಮ್ಮೆ ಒಳ್ಳೇದೇ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಭೂತ ಮೂರ್ತಿಗಳು ಇವತ್ತು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಇವೆ. ಊರು ಬಿಟ್ಟದ್ದು ಬೇಸರವೇ. ಆದರೆ 'ಮೆಕ್ಕೆಕಟ್ಟು' ಅನ್ನುವ ಹೆಸರು ಅವುಗಳ ಜೊತೆಗೆ ದೆಹಲಿಗೆ ಹೋಗಿದೆ. ಅದೊಂದು ಹೆಸರು ಇರುವುದರಿಂದ ಅವುಗಳ ಬಗ್ಗೆ ಓದಬಹುದು, ಬರೆಯಬಹುದು, ಆ ಊರಿನ ಹುಡುಗನೊಬ್ಬ ಹೋಗಿ 'ಇದು ನಮ್ಮದು' ಅಂತ ಎದುರು ನಿಲ್ಲಬಹುದು.

ಬೇಟೆಗಾರರ ವಾದ ಒಂದಿದೆ, ಅದನ್ನು ನ್ಯಾಯವಾಗಿ ಕೇಳಬೇಕು. "ನಾನು ಕೊಳ್ಳದಿದ್ದರೆ ಅದು ಕರಗಿ ಕಬ್ಬಿಣ ಆಗ್ತಿತ್ತು." ನಿಜ, ಎಷ್ಟೋ ಸಲ ಹಾಗೇ ಆಗುತ್ತಿತ್ತು. ಆದರೆ ಉಳಿಸಿದೆ ಅನ್ನುವ ಹೆಮ್ಮೆ ಬೇಕಾದರೆ ಉಳಿಸುವ ಕೆಲಸವನ್ನು ಪೂರ್ತಿ ಮಾಡಬೇಕು. ವ್ಯಾಪಾರಿಯ ಹತ್ತಿರ ಬೆಲೆ ಬಗ್ಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ಊರಿನ ಬಗ್ಗೆ ಐದು ನಿಮಿಷ ಕೇಳಬಹುದು. ಹೇಳುವುದಿಲ್ಲ ಅಂದರೆ ಯಾಕೆ ಹೇಳುತ್ತಿಲ್ಲ ಅಂತ ಯೋಚಿಸಬಹುದು. ನೂರು ವರ್ಷ ದಾಟಿದ್ದು 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. 'ಇನ್ನೂರು ವರ್ಷ ಹಳೇದು' ಅಂತ ಹೊಗಳಿ ಮಾರುವವನಿಗೆ ಲೈಸೆನ್ಸ್ ತೋರಿಸು ಅಂದು ನೋಡಿ. ಆ ಕತ್ತಿ ಒಂದೇ ಕ್ಷಣದಲ್ಲಿ ನೂರೈವತ್ತು ವರ್ಷ ಚಿಕ್ಕದಾಗುತ್ತದೆ!

'ಕಾಂತಾರ' ಬಂದ ಮೇಲೆ ಪಂಜುರ್ಲಿ, ಗುಳಿಗ ಅನ್ನುವ ಹೆಸರುಗಳು ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲೂ ಕೇಳಿಬಂದವು. ನನಗೆ ಅದರಿಂದ ಸಂತೋಷವೇ ಆಯಿತು. ಆದರೆ ಹೆಸರು ಗೊತ್ತಾದ ಕೂಡಲೇ ಮೊಗ ಮನೆಗೆ ಬೇಕು ಅನ್ನಿಸುವುದು ಪ್ರೀತಿಯ ಅವಸರದ ರೂಪ. ಅಲಂಕಾರಕ್ಕೆ ಬೇಕಾದರೆ ಹೊಸತನ್ನು ಮಾಡಿಸಿ. ಮರದ ಕೆಲಸ, ಲೋಹದ ಕೆಲಸ ಬಲ್ಲ ಆಚಾರಿಗಳು ಈಗಲೂ ಇದ್ದಾರೆ, ಅವರಿಗೆ ದುಡ್ಡು ಕೊಟ್ಟರೆ ವಿದ್ಯೆಯಾದರೂ ಉಳಿಯುತ್ತದೆ. ಯಾರದೋ ದೈವದ ಭಂಡಾರ ಖಾಲಿಯಾಗುವುದಿಲ್ಲ.

ಇನ್ನು ನಮ್ಮೂರಿಂದ ಹೋಗಿ ನಗರದಲ್ಲಿ ಕೂತವರಿಗೆ ಒಂದು ಮಾತು. ಈ ಬರಹದ ಅರ್ಧ ತಕರಾರು ನಮ್ಮ ಮೇಲೆಯೇ. ಪಾಲಿನ ಪತ್ರಕ್ಕೆ ಸಹಿ ಹಾಕಲು ರಜೆ ಹಾಕಿ ಬರುವವರು ನಾವು, ಜೀರ್ಣೋದ್ಧಾರಕ್ಕೆ ಆನ್‌ಲೈನಿನಲ್ಲಿ ದುಡ್ಡು ಕಳಿಸುವವರೂ ನಾವು. ಭಂಡಾರದಲ್ಲಿ ಏನೇನು ಉಂಟು ಅಂತ ಮಾತ್ರ ನಮಗೆ ಗೊತ್ತಿಲ್ಲ. ಅದಕ್ಕೆ ಸ್ಟಾರ್ಟಪ್ ಬೇಡ, ಆ್ಯಪ್ ಬೇಡ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ವಸ್ತು ಯಾವುದು, ಉದ್ದ ಎಷ್ಟು, ತೂಕ ಎಷ್ಟು, ಎಲ್ಲಿ ಮುರಿದು ಬೆಸುಗೆ ಹಾಕಿದೆ, ಯಾವ ದೈವದ್ದು, ಯಾರು ಮಾಡಿಸಿದ್ದು ಅಂತ ಹಿರಿಯರು ಹೇಳುತ್ತಾರೆ, ಅಷ್ಟು ಬರೆಯಿರಿ. ಭಂಡಾರದ ಫೋಟೊ ತೆಗೆಯಬಾರದು ಅನ್ನುವ ಕಟ್ಟು ಇದ್ದರೆ ಬೇಡ, ಬರೆದು ಇಡಲು ಯಾರೂ ಬೇಡ ಅನ್ನಲಾರರು. ಒಂದು ಪ್ರತಿ ಭಂಡಾರದ ಮನೆಯಲ್ಲಿ, ಒಂದು ಕುಟುಂಬದ ಬೇರೊಬ್ಬರ ಹತ್ತಿರ ಇರಲಿ. ಬ್ಯಾಕಪ್ ಇಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ತಾನೆ? ಹಿರಿಯರು ಇರುವಾಗಲೇ ಮಾಡಬೇಕು, ಅಷ್ಟೇ ಷರತ್ತು.

ಪ್ರವಾಸಕ್ಕೆ ಬರುವವರಿಗೆ ನಾನು ಹೇಳುವುದು ಇನ್ನೂ ಕಡಿಮೆ. ಪತ್ತನಾಜೆಗೆ ಮೊದಲು, ಅಂದರೆ ಮೇ ತಿಂಗಳ ಕೊನೆಯೊಳಗೆ ಬನ್ನಿ, ಊರಿನವರನ್ನು ಕೇಳಿ ಒಂದು ನೇಮಕ್ಕೆ ಹೋಗಿ. ಮೊಬೈಲ್ ಕಿಸೆಯಲ್ಲಿ ಇಟ್ಟು ನಿಲ್ಲಿ. ಕೈಯಲ್ಲಿದ್ದಾಗ ಕಡ್ಸಲೆ ಏನಾಗಿರುತ್ತದೆ ಅಂತ ಒಮ್ಮೆ ನೋಡಿದವರಿಗೆ ಗೋಡೆಯ ಮೇಲಿನದ್ದು ಸಪ್ಪೆ ಅನ್ನಿಸುತ್ತದೆ. ಅದಾದ ಮೇಲೂ ಹಳೇ ವಸ್ತು ಕೊಳ್ಳುವ ಮನಸ್ಸಾದರೆ ಬೆಲೆಗಿಂತ ಮೊದಲು ಊರು ಕೇಳಿ. ಊರು ಗೊತ್ತಿಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ. ಊರು ಗೊತ್ತುಂಟು ಅಂದರೆ ಮೊದಲು ಆ ಊರಿಗೆ ಹೋಗಿ, 'ಇದು ನಿಮ್ಮದಾ?' ಅಂತ ಕೇಳಿ.